ಕರಿ ಕಪ್ಪೆಯ ಕಾಲು

ಮೋಡವಿದ್ದರೆ ಕರಿ ಕಪ್ಪೆ, ಬಿಸಿಲಿದ್ದರೆ ಹಸಿರು ಕಪ್ಪೆ, ನೀರು ಕದಡಿ ಚಹಾದ ಬಣ್ಣಕ್ಕೆ ತಿರುಗಿದ್ದರೆ ಮತ್ತೆ ಕರಿ ಕಪ್ಪೆ. ದುರ್ಗೇಶ ನನಗೆ ಕಲಿಸಿದ ಮೊದಲ ಪಾಠ ಇದು. ಕಪ್ಪೆ ಎಂದರೆ ಜೀವದ ಕಪ್ಪೆಯಲ್ಲ, ರಬ್ಬರಿನದು. ಬೆನ್ನಿಗೆ ಅಂಟಿದಂತೆ ಎರಡು ಕೊಕ್ಕೆ, ಹಿಂದೆ ಕಾಲಿನ ಬದಲು ಎರಡು ಕುಚ್ಚು. ಅದನ್ನು ಕೆರೆಯ ತಾವರೆ ಎಲೆಗಳ ಮೇಲೆ ಎಸೆದು, ರೀಲು ಸುತ್ತುತ್ತ ಕುಪ್ಪಳಿಸಿಕೊಂಡು ಎಳೆದು ತರಬೇಕು. ಎಲೆಯಡಿಗೆ ಹೊಂಚು ಹಾಕಿ ಕೂತ ಮರಲ್ ಮೀನು, ಹಾವಿನ ತಲೆಯಂತಹ ತಲೆ ಎತ್ತಿ ಧಡ್ ಎಂದು ಬಾಯಿ ಹಾಕುತ್ತದೆ. ಆ ಸದ್ದನ್ನು ಒಮ್ಮೆ ಕೇಳಿದವನು ಕೆಟ್ಟ. ನಾನು ಕೆಟ್ಟು ಐದು ವರ್ಷವಾಯಿತು.

ಚಿಕ್ಕೇರೂರಿನಲ್ಲಿ ನಮ್ಮಿಬ್ಬರನ್ನು ಹುಚ್ಚರೆಂದೇ ಲೆಕ್ಕ ಹಾಕಿದ್ದಾರೆ. ಸಂತೆಯಲ್ಲಿ ಕೊಂಡರೆ ಅರ್ಧ ತಾಸಿನಲ್ಲಿ ಸಾರಾಗುವ ಮೀನಿಗೆ ಇಡೀ ಭಾನುವಾರ ಕೊಡುವವರನ್ನು ಇನ್ನೇನನ್ನಬೇಕು? ಅದರ ಮೇಲೆ, ಹಿಡಿದದ್ದರಲ್ಲಿ ಮುಕ್ಕಾಲು ಪಾಲನ್ನು ನಾವು ಮತ್ತೆ ನೀರಿಗೇ ಬಿಡುತ್ತೇವೆ. ನನ್ನ ಅವ್ವ ಉಡಚವ್ವನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ.

"ಬಿಡೂದಿದ್ರ ಹಿಡಿಯೂದ್ಯಾಕಲೇ?" ಎನ್ನುತ್ತಾಳೆ. "ಅದಕ್ಕೇನು ಬ್ಯಾರೆ ಕೆಲಸ ಇಲ್ಲೇನು, ನಿಮ್ಮ ಜೋಡಿ ಆಟ ಆಡಾಕ?"

ದುರ್ಗೇಶನದು ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ. ಕೂದಲೆಳೆಯಂತಹ ತಂತಿಯನ್ನು ಚಿಮಟದಲ್ಲಿ ಹಿಡಿದು ಬೆಸೆಯುವ ಕೈ ಅವನದು. ಅದೇ ಚಿಮಟ, ಅದೇ ಅಂಟು ಹಿಡಿದು ಅವನು ಕಪ್ಪೆಗಳನ್ನೂ ಮಾಡುತ್ತಿದ್ದ. ಹವಾಯಿ ಚಪ್ಪಲಿಯ ರಬ್ಬರು ಕೊರೆದು ಮೈ, ಹಳೆಯ ಬಳೆಯ ಮಣಿಯಿಂದ ಕಣ್ಣು. ಕಾಲಿಗೆ ಮಾತ್ರ ಏನು ಹಾಕಿದರೂ ಅವನಿಗೆ ಸಮಾಧಾನವಿರಲಿಲ್ಲ. ಉಲ್ಲನ್ ದಾರ ನೀರು ಕುಡಿದು ಜೋತು ಬೀಳುತ್ತದೆ, ಪ್ಲಾಸ್ಟಿಕ್ ಎಳೆ ಸೆಟೆದು ನಿಲ್ಲುತ್ತದೆ, ಕೋಳಿ ಪುಕ್ಕವನ್ನು ಮೀನು ಎರಡೇ ಏಟಿಗೆ ಕಿತ್ತು ಬಿಸಾಕುತ್ತದೆ. "ಕಾಲು ನೀರಾಗ ಉಸಿರಾಡಬೇಕಲೇ ಪರಮ್ಯಾ. ನಿಂತಾಗೂ ಅಲಗ್ಯಾಡಬೇಕು," ಎಂದು ಕೊರಗುತ್ತಿದ್ದ. ನಾನು ನಗುತ್ತಿದ್ದೆ. ಮೂವತ್ತೈದು ವರ್ಷದ ಗಂಡಸು ಕಪ್ಪೆಯ ಕಾಲಿಗಾಗಿ ನಿದ್ದೆಗೆಟ್ಟರೆ ನಗದೆ ಏನು ಮಾಡಲಿ?

ನಗುವ ಹಕ್ಕೂ ನನಗಿರಲಿಲ್ಲ ಬಿಡಿ. ನನ್ನ ಹುಚ್ಚು ಅವನದಕ್ಕಿಂತ ದೊಡ್ಡದು, ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು. ನನ್ನ ಹೋರಿಯ ಹೆಸರು ಸರದಾರ. ದೀಪಾವಳಿಯ ನಂತರ ನಮ್ಮ ಕಡೆ ಊರೂರಿಗೆ ಹೋರಿ ಓಡಿಸುತ್ತಾರೆ. ಕೊರಳಿಗೆ ಒಣಕೊಬ್ಬರಿ ಸರ ಕಟ್ಟಿ, ಕೊಂಬಿಗೆ ಬಲೂನು ಏರಿಸಿ ಜನರ ನಡುವೆ ಬಿಟ್ಟರೆ, ಒಬ್ಬನ ಕೈಗೂ ಕೊಬ್ಬರಿ ಸಿಗದಂತೆ ಓಡಿ ಪಾರಾಗುವ ಹೋರಿಗೇ ಮರ್ಯಾದೆ. ಸರದಾರ ಹಾನಗಲ್ಲಿನಿಂದ ಸವಣೂರಿನ ತನಕ ಮೂರು ವರ್ಷ ಹಾಗೆ ಓಡಿದವನು. ಮದುವೆಯಾಗದೆ ಹೋರಿ ಕಟ್ಟಿಕೊಂಡು ಕೂತಿದ್ದಾನೆ ಎಂದು ಊರು ಆಡಿಕೊಂಡರೂ ನಾನು ತಲೆ ಕೆಡಿಸಿಕೊಂಡಿಲ್ಲ. ಹೆಣ್ಣು ಕೊಡುವವರು ಸಿಗಲಿಲ್ಲ, ಹೋರಿ ಸಿಕ್ಕಿತು. ಮೈಯೆಲ್ಲ ಹಾಲಿನ ಬಿಳುಪು. ಬಾಲದ ಗೊಂಡೆ ಕಡುಗಪ್ಪು, ಆದರೆ ಕುಡಿಯಲ್ಲಿ ನಾಲ್ಕು ಬೆರಳು ತಾಮ್ರದ ಬಣ್ಣ. ಅಂತಹ ಗೊಂಡೆಯನ್ನು ಇನ್ನೊಂದು ದನಕ್ಕೆ ನಾನು ಕಂಡಿಲ್ಲ. ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚುತ್ತಿದ್ದವನು ನಾನೇ.

ಹೋದ ವರ್ಷ ಮಹಾನವಮಿಗೆ ಮುಂಚೆ ಅವ್ವನ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಹೋದೆ. ಮೂರು ದಿನದ ಕೆಲಸ. ಹುಲ್ಲು ನೀರು ನೋಡಿಕೊಳ್ಳಲು ದುರ್ಗೇಶನ ಕೈಗೆ ಕೊಟ್ಟಿಗೆಯ ಕೀಲಿ ಕೊಟ್ಟೆ. ತಿರುಗಿ ಬಂದಾಗ ಸರದಾರನ ಗೊಂಡೆ ಅರ್ಧಕ್ಕರ್ಧ ಇರಲಿಲ್ಲ. ಕತ್ತರಿ ಆಡಿಸಿದ್ದು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು.

ದೀಪಾವಳಿಗೆ ತಿಂಗಳಿರುವಾಗ ಹೋರಿಯ ಬಾಲದ ಕೂದಲು ಕಳುವಾದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಮಾಟ. ಎದುರಾಳಿಗಳು ಆ ಕೂದಲನ್ನು ನಿಂಬೆಹಣ್ಣಿಗೆ ಸುತ್ತಿ ಹೂಳುತ್ತಾರೆ, ಕಣದಲ್ಲಿ ಹೋರಿಯ ಕಾಲು ಬೀಳುತ್ತದೆ. ಇಂಥದ್ದನ್ನೆಲ್ಲ ಹೇಳುವವರನ್ನು ನಾನು ಗೇಲಿ ಮಾಡುತ್ತಿದ್ದೆ, ಡಿಗ್ರಿ ಓದಿದವನೆಂಬ ಜಂಭ ಬೇರೆ. ನನ್ನ ಹೋರಿಯ ಬಾಲ ನೋಡಿದ ಆ ಗಳಿಗೆ ಓದಿದ್ದೆಲ್ಲ ಹಾರಿಹೋಯಿತು.

"ಯಾರ ಬಂದಿದ್ರಲೇ ದುರ್ಗ್ಯಾ?" ಎಂದೆ.

ಅವನು ಸ್ವಲ್ಪ ಹೊತ್ತು ಬಾಲವನ್ನೇ ನೋಡಿದ. "ಮತ್ಯಾರೂ ಬಂದಿಲ್ಲೋ. ರಟ್ಟೀಹಳ್ಳಿಯಿಂದ ನಿಮ್ಮ ಮಾವ ಅಷ್ಟ ಬಂದಿದ್ರು. ಕೊಟ್ಟಿಗ್ಯಾಗ ಒಂದ್ ಗಳಿಗಿ ಇದ್ರು."

ಮಾವ ಎಂದರೆ ಗುಡ್ಡಪ್ಪ, ನನ್ನ ಅಕ್ಕ ಜಯಶ್ರೀಯ ಗಂಡ. ಅವನೂ ಹೋರಿ ಸಾಕಿದ್ದಾನೆ. ಹಿಂದಿನ ವರ್ಷ ಒಂದೇ ಕಣದಲ್ಲಿ ಅವನ ಹೋರಿಯ ಕೊಬ್ಬರಿ ಹರಿದಿತ್ತು, ನನ್ನದು ಪಾರಾಗಿತ್ತು. ಸರದಾರನಿಗೆಂದು ತಂದ ಒಂದು ಚೀಲ ಹುರುಳಿಯನ್ನು ಕೊಟ್ಟಿಗೆಯಲ್ಲಿ ಇಡಲು ಬಂದಿದ್ದನಂತೆ. ಸುದ್ದಿ ತಿಳಿದ ಮರುದಿನವೇ ಬೈಕು ಹತ್ತಿ ಬಾಲ ನೋಡಲು ಓಡಿ ಬಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಅದನ್ನೇ ಅಂದುಕೊಂಡೆ. ಪಾಪ, ಮರುಕದಿಂದ ಬಂದಿದ್ದಾನೆ ಎಂದು ಹೊಳೆಯಲೇ ಇಲ್ಲ.

ಆ ವಾರವೇ ದುರ್ಗೇಶನನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಟ್ಟೀಹಳ್ಳಿಗೆ ಹೋದೆ, ಸಾಕ್ಷಿಗೆ ಇರಲಿ ಎಂದು. ಅಂಗಳದಲ್ಲಿ ನಿಂತು, ನಾಲ್ಕು ಮನೆಗೆ ಕೇಳುವಂತೆ ಮಾವನನ್ನು ಕಳ್ಳ ಎಂದೆ. ಅವನು ಒಂದೇ ಮಾತು ಹೇಳಿದ. "ನಾ ಮುಟ್ಟಿಲ್ಲ. ಹೋರಿ ಬಾಲಕ್ಕ ನಾ ಆಣಿ ಮಾಡಾವನೂ ಅಲ್ಲ."

"ಆಣಿ ಮಾಡಲಿಲ್ಲಂದ್ರ ನೀನ ಕಳ್ಳ," ಎಂದೆ.

ಆಗ ಅಕ್ಕ ಹೊರಗೆ ಬಂದಳು. ಅಪ್ಪ ಸತ್ತಾಗ ನನಗೆ ಆರು ವರ್ಷ, ಅವಳಿಗೆ ಹನ್ನೊಂದು. ಅವ್ವ ಕೂಲಿಗೆ ಹೋದರೆ ನನ್ನನ್ನು ಸಂಭಾಳಿಸಬೇಕೆಂದು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ನನ್ನ ಡಿಗ್ರಿ ಅವಳು ಬಿಟ್ಟ ಶಾಲೆ. "ಅವರ ಬದ್ಲಿ ನಾ ಮಾಡ್ತೇನಿ ತಮ್ಮಾ," ಎಂದಳು. ಬಾಗಿಲಲ್ಲಿ ನಿಂತಿದ್ದ ಒಂಬತ್ತು ವರ್ಷದ ಮಗಳು ಶ್ವೇತಾಳನ್ನು ಹತ್ತಿರ ಎಳೆದುಕೊಂಡು ಅವಳ ತಲೆಯ ಮೇಲೆ ಬಲಗೈ ಇಟ್ಟಳು. "ನಿಮ್ಮ ಮಾವ ಮುಟ್ಟಿಲ್ಲ. ಮುಟ್ಟಿದ್ರ ಇದರ ಮ್ಯಾಲ ಬರ್ಲಿ."

ಅಲ್ಲಿಗೆ ಮುಗಿಯಬೇಕಿತ್ತು. ನನ್ನ ನಾಲಿಗೆ ಮುಗಿಸಲಿಲ್ಲ. "ಗಂಡನ್ನ ಉಳಸಾಕ ಮಗಳ ತಲಿ ಮ್ಯಾಲೂ ಕೈ ಇಡ್ತಿ, ಬಿಡು," ಎಂದುಬಿಟ್ಟೆ. ಅಕ್ಕ ಕೈ ತೆಗೆಯುವುದನ್ನೂ ಮರೆತು ನಿಂತಳು. ದುರ್ಗೇಶ ಬೈಕಿಗೆ ಒರಗಿ ನೆಲ ನೋಡುತ್ತಿದ್ದ. ನಮ್ಮ ಮನೆತನದ ಜಗಳಕ್ಕೆ ನಾಚಿಕೊಂಡಿದ್ದಾನೆ, ಒಳ್ಳೆಯ ಹುಡುಗ ಎಂದುಕೊಂಡೆ.

ಆ ವರ್ಷ ಸರದಾರನನ್ನು ಓಡಿಸಲಿಲ್ಲ. ಅಕ್ಕನಿಗೆ ಒಂದು ಫೋನನ್ನೂ ಮಾಡಲಿಲ್ಲ.

ಮೊನ್ನೆ ಶ್ರಾವಣ ಹುಟ್ಟಿತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆತಂದರೆ ತವರಿಗೆ ಬಂದು, ಉಂಡಿ ತಿಂದು, ಜೋಕಾಲಿ ಆಡಿ ಹೋಗುತ್ತಾರೆ. ಕರೆಯಲು ಯಾರೂ ಬಾರದ ಹೆಣ್ಣನ್ನು ತವರು ಸತ್ತವಳು ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಅವ್ವ ಉಂಡಿಗೆಂದು ಅರಳಿನ ಹಿಟ್ಟು, ಅಳ್ಳಿಟ್ಟು, ಜರಡಿ ಹಿಡಿಯುತ್ತ ಕೂತಿದ್ದಳು. ನಾನು ಮೀನು ಹಿಡಿಯುವ ರಾಡು ತೆಗೆದುಕೊಂಡದ್ದು ನೋಡಿ ಜರಡಿ ಕೆಳಗಿಟ್ಟಳು.

"ಮಂಗಳವಾರ ಪಂಚಮಿ ಐತಿ. ಅಕಿನ್ನ ಕರಿಯಾಕ ಹೋಗ್ತಿಯೋ ಇಲ್ಲೋ?"

"ಅಂವ ತಪ್ಪಾತು ಅನ್ಲಿ, ಹೋಗ್ತೇನಿ."

"ಈ ವರ್ಷ ಹೋಗಲಿಲ್ಲಂದ್ರ ನಾ ಸತ್ತಾಗೂ ಅಕಿ ಈ ಮನಿಗೆ ಬರಂಗಿಲ್ಲ. ತಿಳಕೋ." ಅವ್ವ ಮತ್ತೆ ಜರಡಿ ಹಿಡಿದಳು. ನಾನು ಸಿಟ್ಟಿನಿಂದಲೇ ಕೆರೆಯ ಕಡೆ ನಡೆದೆ.

ಮೋಡ ದಟ್ಟವಾಗಿತ್ತು, ಮಳೆ ಇರಲಿಲ್ಲ. ಹೊಸ ನೀರು ಬಂದು ಕೆರೆ ಕೆಂಪಾಗಿತ್ತು. ದುರ್ಗೇಶ ಆಗಲೇ ಬಂದು ರಾಡಿಗೆ ದಾರ ಪೋಣಿಸುತ್ತಿದ್ದ. ಅಷ್ಟರಲ್ಲಿ ಯಾರದೋ ಫೋನು ಬಂತು. ಸಿಗ್ನಲ್ ಸಿಗುವುದು ಏರಿಯ ಆ ತುದಿಗೆ ಮಾತ್ರ. "ಡಬ್ಬಿ ಅಲ್ಲೈತಿ ನೋಡು, ನಿನಗ ಬೇಕಾದ್ದು ಹಾಕ್ಕೋ," ಎಂದು ಕೂಗಿ ಅವನು ಏರಿ ಹತ್ತಿದ.

ಅವನ ಡಬ್ಬಿಯನ್ನು ತೆರೆಯುವುದೆಂದರೆ ನನಗೆ ಇವತ್ತಿಗೂ ಖುಷಿ. ಇಪ್ಪತ್ತನಾಲ್ಕು ಖಾನೆ. ಒಂದರಲ್ಲಿ ಚಮಚದಂತೆ ಹೊಳೆಯುವ ತಗಡು, ತಿಳಿನೀರಿನಲ್ಲಿ ಬಿಸಿಲು ಬಿದ್ದಾಗ ಮಾತ್ರ ಅದರ ಆಟ. ಇನ್ನೊಂದರಲ್ಲಿ ಗಿರಗಿರ ತಿರುಗುವ ರೆಕ್ಕೆಯದು, ಅದನ್ನು ತಾವರೆ ಎಲೆಯ ನಡುವೆ ಎಸೆದರೆ ಸಿಕ್ಕಿಕೊಂಡು ದಾರ ಹರಿಯುತ್ತದೆ. ಬಿಳಿ ಕಪ್ಪೆ ಮುಂಜಾನೆಗೆ. ಹಸಿರು ಕಪ್ಪೆಯನ್ನು ಎತ್ತಿ ಮತ್ತೆ ಇಟ್ಟೆ, ಈ ಬೆಳಕಿಗೆ ಅದು ನೀರಿನಲ್ಲಿ ಕರಗಿಹೋಗುತ್ತದೆ. ಕದಡಿದ ನೀರಿನಲ್ಲಿ ಮೀನಿಗೆ ಕಾಣುವುದು ಬಣ್ಣವಲ್ಲ, ನೆರಳು. ಅಂದರೆ ಕರಿಯದೇ ಆಗಬೇಕು. ಕರಿ ಕಪ್ಪೆಗಳು ಮೂರಿದ್ದವು. ಅದರಲ್ಲಿ ನನ್ನ ಕೈ ತಾನಾಗಿ ಹೋದದ್ದು 'ಜಿಂಕೆ ಬಾಲ'ದ ಕಡೆಗೆ.

ಸಂಕ್ರಾಂತಿಯ ಹೊತ್ತಿಗೆ ದುರ್ಗೇಶ ಅದನ್ನು ಮಾಡಿ ತಂದಿದ್ದ. "ಅಮೆರಿಕಾದ ಜಿಂಕಿ ಬಾಲದ ಕೂದಲ. ಆನ್‌ಲೈನ್‌ನ್ಯಾಗ ತರಿಸೇನಿ. ನೀರಾಗ ಹೆಂಗ ಅರಳತೈತಿ ನೋಡು," ಎಂದಿದ್ದ. ನಿಜಕ್ಕೂ ಅರಳುತ್ತಿತ್ತು. ಕಪ್ಪೆಯನ್ನು ನಿಲ್ಲಿಸಿದರೂ ಕಾಲು ನಿಲ್ಲುತ್ತಿರಲಿಲ್ಲ. ಅದರಿಂದ ನಾನೇ ನಾಲ್ಕು ಮರಲ್ ಹಿಡಿದಿದ್ದೆ. ಅಮೆರಿಕಾದವರು ಜಿಂಕೆ ಸಾಕುವುದೇ ಇದಕ್ಕಿರಬೇಕು ಎಂದು ಹೊಗಳಿಯೂ ಇದ್ದೆ.

ಕುಚ್ಚನ್ನು ಬೆರಳಲ್ಲಿ ಬಿಡಿಸುತ್ತ ಕೂತೆ. ಕೂದಲಿನ ಕುಡಿ ಕರಿಯದಾಗಿರಲಿಲ್ಲ. ಆರೇಳು ತಿಂಗಳು ನೀರಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಹಚ್ಚಿದ್ದ ಬಣ್ಣ ಬಿಟ್ಟಿತ್ತು. ಒಳಗಿನಿಂದ ತಾಮ್ರದ ಬಣ್ಣ ಎದ್ದಿತ್ತು. ಎರಡು ಬೆರಳಲ್ಲಿ ಹೊಸೆದು ನೋಡಿದೆ. ಆ ಒರಟು, ಆ ದಪ್ಪ, ಬಿಟ್ಟ ಕೂಡಲೇ ಒಂದೇ ಕಡೆಗೆ ಹೊರಳುವ ಆ ಸ್ವಭಾವ. ಮೂರು ವರ್ಷ ದಿನಾ ಬಾಚಿದ ಕೂದಲು. ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೊದಲು ಬಂದದ್ದು ಸಿಟ್ಟಲ್ಲ. ನಾಚಿಕೆ. ನನ್ನ ಹೋರಿಯ ಬಾಲ ಹಿಡಿದು ನಾನೇ ಮೀನು ಹಿಡಿದಿದ್ದೆ, ನಾನೇ ಶಭಾಷ್ ಎಂದಿದ್ದೆ, ಅವನು ಪಕ್ಕದಲ್ಲಿ ನಿಂತು ನಕ್ಕಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ನಾನು ಪಕ್ಕದ ಹೊಲದವನನ್ನು ಹಿಡಿದು ಹೊಡೆದಿದ್ದೆ.

ದುರ್ಗೇಶ ಏರಿ ಇಳಿದು ಬಂದ. ನನ್ನ ಕೈಯಲ್ಲಿದ್ದುದನ್ನು ನೋಡಿದ. ಅವನ ಮುಖ ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ. ಆದರೂ ಕೇಳಿದೆ.

"ಜಿಂಕಿ ಹೆಸರು ಸರದಾರ ಅಂತೇನಲೇ?"

ಅವನು ಕೂತುಬಿಟ್ಟ. "ಒಂದ ಚಿಟಿಕಿ ತಗೋಬೇಕಂತ ಮಾಡಿದ್ದೆ ದೋಸ್ತ. ಯಾರಿಗೂ ತಿಳೀತಿರಲಿಲ್ಲ. ಕತ್ರಿ ಹಾಕೂ ಹೊತ್ತಿಗೆ ಅದು ಬಾಲಾ ಬೀಸ್ತು. ಅರ್ಧ ಗೊಂಡೆ ಕೈಯಾಗ ಬಂತು."

"ಊರಾಗ ಬ್ಯಾರೆ ದನ ಇರಲಿಲ್ಲೇನು?"

"ಎಲ್ಲಾವೂ ನೋಡಿದೆ. ನೀರಾಗ ಮುದ್ದಿ ಆಗ್ತಾವ. ಸರದಾರಂದ ಮಾತ್ರ..." ಅಷ್ಟಕ್ಕೇ ನಿಲ್ಲಿಸಿದ. ಆ ಗಳಿಗೆಯಲ್ಲೂ ಅವನ ದನಿಯಲ್ಲಿ ಆ ಕೂದಲಿನ ಬಗ್ಗೆ ಹೆಮ್ಮೆ ಇತ್ತು. ಅದಕ್ಕೇ ನನಗೆ ಕೈ ಎತ್ತುವಂತಾಯಿತು. ಒಂದು ಬಾರಿಸಿದೆ. ಅವನು ತಪ್ಪಿಸಿಕೊಳ್ಳಲಿಲ್ಲ.

"ಬಾಲಾ ಹೋಗ್ಲಿ, ಮತ್ತ ಬೆಳೀತು. ನಮ್ಮಕ್ಕ ಮಗಳ ತಲಿ ಮ್ಯಾಲ ಕೈ ಇಟ್ಟಾಗ ನೀ ಅಲ್ಲೇ ಇದ್ದೆಲ್ಲೋ! ಹತ್ತು ಮಾರು ದೂರ! ಆವಾಗರ ಬಾಯಿ ಬಿಡಾಕ ಏನಾಗಿತ್ತು ನಿನಗ?"

"ಹೇಳಬೇಕಂತನ ಬಂದಿದ್ದೆ. ಬೈಕಿನ ಮ್ಯಾಲ ದಾರಿಗುಂಟ ಅದನ್ನ ಅನ್ಕೊಂತ ಬಂದೆ. ನೀ ಕೇಳೂ ಹಂಗ ಇರಲಿಲ್ಲ. ಆಮ್ಯಾಲ ದಿನಾ ಹೋದಂಗ..." ಕೆನ್ನೆ ಒರೆಸಿಕೊಂಡ. "ನಿಮ್ಮ ಮಾವ ಬಂದಿದ್ದು ಖರೇನ ಇತ್ತು. ಅಂವ ಕತ್ತರಿಸ್ಯಾನ ಅಂತ ನಾ ಎಂದೂ ಅಂದಿಲ್ಲ. ಅದನ್ನ ನೀನ ಅಂದಿ."

ಈ ಮಾತು ನನ್ನನ್ನು ಸುಟ್ಟಿತು, ಯಾಕೆಂದರೆ ಅದು ನಿಜವಾಗಿತ್ತು. ಮೋಸ ಮಾಡಿದವನು ನಿಜ ಹೇಳಿದರೆ ಮೋಸಕ್ಕಿಂತ ಹೆಚ್ಚು ನೋಯುತ್ತದೆ. ಐದು ವರ್ಷ ಒಂದೇ ಬುತ್ತಿ ಉಂಡ ಗೆಳೆಯ. ಇನ್ನು ಅವನ ಮುಖ ನೋಡಲಾರೆ ಎನಿಸಿತು. ಕುಚ್ಚಿನಿಂದ ನಾಲ್ಕು ಎಳೆ ಕಿತ್ತು ಜೇಬಿಗೆ ಹಾಕಿಕೊಂಡು, ರಾಡು ಅಲ್ಲೇ ಬಿಟ್ಟು ಬಂದೆ.

ಮನೆಗೂ ಹೋಗಲಿಲ್ಲ. ಹಿರೇಕೆರೂರು ದಾಟಿ ರಟ್ಟೀಹಳ್ಳಿಯ ತನಕ ಬೈಕಿನ ಮೇಲೆ ಮಾತು ಜೋಡಿಸುತ್ತ ಹೋದೆ. ನಾನೂ ಮೋಸ ಹೋದವನು ಅಕ್ಕಾ, ಎಂದು ಶುರು ಮಾಡಬೇಕು. ಅಕ್ಕ ಒಂದಿಷ್ಟು ಬೈಯುತ್ತಾಳೆ, ಅಳುತ್ತಾಳೆ, ಆಮೇಲೆ ಸೀರೆ ಬದಲಿಸಿ ಬೈಕು ಹತ್ತುತ್ತಾಳೆ. ಅವ್ವ ಉಂಡಿ ಕಟ್ಟುವ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಹೀಗೆಲ್ಲ ಅಂದುಕೊಂಡಿದ್ದೆ.

ಅಕ್ಕ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಸೊರಗಿದ್ದಳು. ನನ್ನನ್ನು ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಕೆಳಗಿನ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಎಳೆಗಳನ್ನು ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಅವನ್ನು ಬೆಳಕಿಗೆ ಹಿಡಿದು ನೋಡಿದಳು.

"ನಾ ಮಗಳ ತಲಿ ಮ್ಯಾಲ ಕೈ ಇಟ್ಟು ಹೇಳಿದ್ದು ನಂಬಲಿಲ್ಲ ನೀ," ಎಂದಳು. "ಈ ನಾಕು ಕೂದಲ ಹೇಳಿದ್ದು ನಂಬಿದಿ."

"ತಪ್ಪಾತು ಅಕ್ಕಾ."

"ನೀ ಹೋದ ಎಂಟ ದಿನಕ್ಕ ಶ್ವೇತಾಗ ಜ್ವರ ಬಂತು, ಗೊತ್ತೈತೇನು? ಕಾಮಣಿ ಅಂದ್ರು. ಹಾವೇರಿ ದವಾಖಾನ್ಯಾಗ ಹನ್ನೆರಡ ದಿನ. ಅವ್ವಗೂ ತಿಳಿಸಲಿಲ್ಲ ನಾ. ಕಣ್ಣು, ಉಗುರು ಎಲ್ಲಾ ಹಳದಿ." ಸೊಪ್ಪಿನ ಕಟ್ಟು ಹಾಗೆಯೇ ಕೈಯಲ್ಲಿ ಹಿಡಿದಿದ್ದಳು. "ಸುಳ್ಳ ಆಣಿ ಮಾಡಿದ್ಲು, ಕೂಸಿಗೆ ತಟ್ಟಿತು ಅಂತ ಓಣ್ಯಾಗ ಎಲ್ಲಾರೂ ಅಂದ್ರು. ನಾ ಹದಿನಾಲ್ಕ ವರ್ಷ ಸಂಸಾರ ಮಾಡೇನಿ ಇವರ ಜೋಡಿ. ಒಂದ ದಿನಾನೂ ಸುಳ್ಳ ಹೇಳಿಲ್ಲ ಇವರು. ಆದ್ರ ಕೂಸು ಹಳದಿ ಆಗಿ ಮಲಗಿತ್ತು ತಮ್ಮಾ. ನಾ ಇವರನ್ನ ಕೇಳಿಬಿಟ್ಟೆ. ಖರೇ ಹೇಳ್ರಿ, ನೀವ ಕತ್ತರಿಸೀರೇನು, ಅಂತ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದು ಗೊತ್ತಿತ್ತು. ಕೊಯ್ದದ್ದು ಯಾರ ಮೂಗು ಎಂಬುದು ಗೊತ್ತಿರಲಿಲ್ಲ.

ಗುಡ್ಡಪ್ಪ ಮಾವ ಹುಲ್ಲಿನ ಹೊರೆ ಹೊತ್ತು ಹಿತ್ತಲಿನಿಂದ ಬಂದ. ನನ್ನನ್ನು ನೋಡಿ ಹೊರೆ ಇಳಿಸಿದ. ಎದ್ದು ಅವನ ಕಾಲು ಹಿಡಿದೆ, ಮೊದಲಿನಿಂದ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ತೋಳು ಹಿಡಿದು ಎಬ್ಬಿಸಿದ.

"ಕುಂಡ್ರು, ಪರಮೇಶಾ. ಅಂವ ನಿನಗ ಸುಳ್ಳ ಹೇಳಿದ, ನೀ ನನಗ ಕಳ್ಳ ಅಂದಿ. ಅವೆಲ್ಲಾ ಹೊರಗಿನ ಮಾತು, ಹೊರಗ ತೊಳಕೋಬಹುದು." ಅವನು ಅಕ್ಕನ ಕಡೆ ತಿರುಗಲಿಲ್ಲ. "ಮನಿಯೊಳಗ ಅಕಿನ ಒಂದ ಮಾತು ಕೇಳಿದ್ಲಲ್ಲ, ಅದನ್ನ ಎಲ್ಲಿ ತೊಳೀಲಿ ನಾ?"

ಒಳಗಿನಿಂದ ಶ್ವೇತಾ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಂದು ಗೇಣು ಎತ್ತರವಾಗಿದ್ದಳು. ಬಾ ಎಂದು ಕೈ ಚಾಚಿದೆ. ಅವಳು ಎರಡೂ ಕೈಯಿಂದ ನೆತ್ತಿ ಮುಚ್ಚಿಕೊಂಡು ಹಿಂದೆ ಸರಿದಳು.

"ಪಂಚಮಿಗೆ ಕರಿಯಾಕ ಬಂದೇನಿ ಅಕ್ಕಾ," ಎಂದೆ. ಬೇರೆ ಏನು ಹೇಳಬೇಕೆಂದು ತಿಳಿಯಲಿಲ್ಲ. "ಅವ್ವ ದಾರಿ ನೋಡಾಕತ್ತಾಳ."

ಅಕ್ಕ ಮೊದಲ ಸಲ ಗಂಡನ ಕಡೆ ನೋಡಿದಳು. "ಹೋದ್ರ ತಿರಗಿ ಕರಕೊಂಡು ಬರಾಕ ನೀವು ಬರ್ತೀರೇನ್ರಿ?"

ಮಾವ ಹುಲ್ಲಿನ ಹೊರೆಯ ಹಗ್ಗ ಬಿಚ್ಚುತ್ತಿದ್ದ. ಕೇಳಿಸಿತು ಎಂಬುದು ನನಗೆ ಗೊತ್ತು, ಯಾಕೆಂದರೆ ಬೆರಳು ನಿಂತವು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಗಂಟು ಬಿಚ್ಚತೊಡಗಿದವು. ಅವನು ಹುಲ್ಲು ಎತ್ತಿಕೊಂಡು ಕೊಟ್ಟಿಗೆಗೆ ಹೋದ.

"ನೀ ಹೋಗು ತಮ್ಮಾ," ಅಕ್ಕ ಎಂದಳು. "ಅವರು ಬರ್ತೇನಿ ಅನ್ನೂತನಕ ನಾ ಈ ಹೊಸ್ತಿಲಾ ದಾಟಂಗಿಲ್ಲ. ದಾಟಿದ್ರ ಅದು ಹಬ್ಬಕ್ಕ ಹೋದಂಗ ಆಗೂದಿಲ್ಲ, ಗಂಡನ್ನ ಬಿಟ್ಟು ಹೋದಂಗ ಆಗತೈತಿ."

ಬೈಕಿನ ಪಕ್ಕ ನಿಂತು ಬಹಳ ಹೊತ್ತು ಕಾದೆ. ಕೊಟ್ಟಿಗೆಯಲ್ಲಿ ಮಾವ ಹೋರಿಯನ್ನು ಮಾತಾಡಿಸುವುದು ಕೇಳುತ್ತಿತ್ತು. ಕಟ್ಟೆಯ ಮೇಲೆ ಅಕ್ಕ ಸೋಸಿದ ಸೊಪ್ಪನ್ನೇ ಮತ್ತೊಮ್ಮೆ ಸೋಸುತ್ತಿದ್ದಳು.